ನೆರಳಿನ ಅಂಚಿನಲ್ಲೊಂದು ಮುಖ

ಕಳೆದ ಮೇ ತಿಂಗಳ ಮೊದಲ ವಾರದಲ್ಲಿ, ನನ್ನ ತಂಗಿಯ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳೆಂಬ ಸಂತೋಷದಲ್ಲಿ, ಜಯನಗರದ ನಮ್ಮ ಮನೆಯ ಗೇಟಿನ ಮುಂದೆ ಅವಳನ್ನು ನಿಲ್ಲಿಸಿ, ಹೊಸದಾಗಿ ಕೊಂಡಿದ್ದ ಕ್ಯಾಮೆರಾದಿಂದ ಅವಳದೊಂದು ಭಾವಚಿತ್ರವನ್ನು ತೆಗೆದೆ. ಆಗ ಮಧ್ಯಾಹ್ನದ ಹನ್ನೆರಡೂವರೆ ಗಂಟೆ. ಚಿತ್ರದಲ್ಲಿ ಹಣೆಯೂ ಮೂಗಿನ ತುದಿಯೂ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಣ್ಣುಗಳಿರಬೇಕಾದ ಎಡೆಯಲ್ಲಿ ಎರಡು ಕಪ್ಪು ಕುಳಿಗಳು ಮಾತ್ರ ಉಳಿದಿದ್ದವು. ಮೂಗಿನ ಕೆಳಗೆ ಬಿದ್ದಿದ್ದ ನೆರಳು ಮೀಸೆಯಂತೆ ತೋರುತ್ತಿತ್ತು. ಅವಳು ಅದನ್ನು ನೋಡಿ, ಒಂದು ಮಾತನ್ನೂ ಆಡದೆ, ಕ್ಯಾಮೆರಾವನ್ನು ನನ್ನ ಕೈಗೆ ಮರಳಿಸಿ ಒಳಗೆ ಹೋದಳು. ಮೊಡವೆಯೊಂದು ಮೂಡಿದರೆ ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುವ ವಯಸ್ಸು ಅದು. ಅಂಥವಳ ಕೈಯಲ್ಲಿ ನಾನು ಆ ಚಿತ್ರವನ್ನು ಇಟ್ಟಿದ್ದೆನಲ್ಲ ಎಂಬ ವ್ಯಥೆ ಬಹಳ ದಿನ ನನ್ನನ್ನು ಬಿಡಲಿಲ್ಲ. ಆ ವ್ಯಥೆಯಿಂದ ಕಲಿತುದನ್ನು, ನನ್ನಂತೆಯೇ ಮನೆಯ ಮಕ್ಕಳ ಚಿತ್ರ ತೆಗೆಯಲು ಹೊಸದಾಗಿ ತೊಡಗಿರುವ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ ಕೆಟ್ಟಾಗ ಹೊಸಬನು ಮೊದಲು ಶಂಕಿಸುವುದು ಯಂತ್ರವನ್ನು. ಇನ್ನೂ ಬೆಲೆಯುಳ್ಳ ಲೆನ್ಸ್ ಇದ್ದಿದ್ದರೆ ಎಂದು ನಾನೂ ಎರಡು ದಿನ ಹಂಬಲಿಸಿದೆ. ಆದರೆ ಕಾರಣವಿದ್ದದ್ದು ಆಕಾಶದಲ್ಲಿ. ಬೆಂಗಳೂರು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು ೧೩ ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ, ವರ್ಷಕ್ಕೆ ಎರಡು ಸಲ, ಏಪ್ರಿಲ್ ತಿಂಗಳ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುಭಾಗ ಕಳೆದೊಡನೆ ಇನ್ನೊಮ್ಮೆ, ಸೂರ್ಯನು ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬಂದು ನಿಲ್ಲುತ್ತಾನೆ. ನೆಲದಲ್ಲಿ ನೆಟ್ಟ ಕೋಲಿನ ನೆರಳು ಆ ಕ್ಷಣದಲ್ಲಿ ಕೋಲಿನ ಬುಡದಲ್ಲಿಯೇ ಅಡಗಿಹೋಗುತ್ತದೆ. ಮೇ ಮೊದಲ ವಾರದಲ್ಲಿ ಅವನು ನೆತ್ತಿಯಿಂದ ಸರಿದಿರುವುದು ಎರಡರಿಂದ ನಾಲ್ಕು ಡಿಗ್ರಿ ಮಾತ್ರ. ಅದೂ ನಮ್ಮ ಊರಿನಲ್ಲಿ ನಿಜವಾದ ಮಧ್ಯಾಹ್ನವಾಗುವುದು ಗಡಿಯಾರದ ಹನ್ನೆರಡೂಕಾಲರ ವೇಳೆಗೆ. ಎಂದರೆ, ಮುಖಕ್ಕೆ ಅತ್ಯಂತ ಕ್ರೂರವಾದ ಘಳಿಗೆಯನ್ನೇ ನಾನು ಹುಡುಕಿ ಆರಿಸಿಕೊಂಡಂತಾಗಿತ್ತು. ಹುಬ್ಬಿನ ಮೂಳೆಯೇ ಕಣ್ಣಿಗೆ ಚಪ್ಪರವಾಗಿ ನೆರಳು ಹಾಕುವಾಗ, ಎಷ್ಟು ಸಾವಿರ ರೂಪಾಯಿಯ ಲೆನ್ಸ್ ಇದ್ದರೂ ಕಣ್ಣನ್ನು ಹೊರಗೆ ತರಲಾರದು. ಡಿಸೆಂಬರಿನಲ್ಲಿ ಸಹ ಇಲ್ಲಿ ಮಧ್ಯಾಹ್ನದ ಸೂರ್ಯನು ಕ್ಷಿತಿಜದಿಂದ ಸುಮಾರು ೫೪ ಡಿಗ್ರಿಯ ಎತ್ತರದಲ್ಲಿರುತ್ತಾನೆ. ಆದುದರಿಂದ ಹತ್ತರಿಂದ ನಾಲ್ಕರವರೆಗೆ ಬಯಲಿನಲ್ಲಿ ಯಾರ ಮುಖವನ್ನೂ ನಿಲ್ಲಿಸಬಾರದೆಂಬುದು ಈ ನಾಡಿನ ಮಟ್ಟಿಗೆ ವರ್ಷಪೂರ್ತಿ ಪಾಲಿಸತಕ್ಕ ನಿಯಮವೆಂದೇ ನನ್ನ ಅಭಿಪ್ರಾಯ.

ಫೋಟೋಗ್ರಫಿ ಎಂಬ ಗ್ರೀಕ್ ಮೂಲದ ಮಾತಿಗೆ ಬೆಳಕಿನಿಂದ ಬರೆಯುವುದೆಂದು ಅರ್ಥ. ಅದಕ್ಕೆ ಸಮಾನವಾದ ಪದವನ್ನು ಅರಸಿದ ನಮ್ಮವರು ಬೆಳಕನ್ನು ಬಿಟ್ಟು ಛಾಯೆಯನ್ನು ಆರಿಸಿಕೊಂಡು ಛಾಯಾಚಿತ್ರವೆಂದು ಕರೆದರು. ಸಂಸ್ಕೃತದ ಛಾಯಾ ಶಬ್ದಕ್ಕೆ ಪ್ರತಿಬಿಂಬವೆಂಬ ಅರ್ಥವೂ ಉಂಟು. ಆದರೂ ಬಿಸಿಲಿನ ದೇಶದಲ್ಲಿ ಕ್ಯಾಮೆರಾ ಹಿಡಿದವನಿಗೆ ನೆರಳೆಂಬ ಅರ್ಥವೇ ಹೆಚ್ಚು ಹತ್ತಿರದ್ದಾಗಿ ಕೇಳಿಸುತ್ತದೆ. ಇಲ್ಲಿ ಮುಖವು ಮುಖವಾಗಿ ಕಾಣುವುದು ನೆರಳಿನಲ್ಲಿ.

ಆದರೆ ಎಂಥ ನೆರಳು? ಇದನ್ನು ತಿಳಿಯುವುದಕ್ಕೆ ನನಗೆ ಎರಡನೆಯ ಸೋಲು ಬೇಕಾಯಿತು. ಅವಳನ್ನು ಮತ್ತೆ ಒಡಂಬಡಿಸಿ, ರಸ್ತೆಯ ಬದಿಯ ಹೊಂಗೆಯ ಮರದ ಕೆಳಗೆ ನಿಲ್ಲಿಸಿದೆ. ಹೊಂಗೆಯ ನೆರಳು ತಂಪಿಗೆ ಹೆಸರಾದದ್ದು. ಆದರೆ ಎಲೆಗಳ ಸಂದಿನಿಂದ ಇಳಿದ ಬಿಸಿಲಿನ ಬಿಲ್ಲೆಗಳು ಕೆನ್ನೆಯ ಮೇಲೊಂದು, ಗಲ್ಲದ ಮೇಲೊಂದು ಬಿದ್ದು, ಮುಖವು ಚುಕ್ಕೆ ಚುಕ್ಕೆಯಾಗಿ ಹೋಯಿತು. ಆ ಬಿಲ್ಲೆಗಳು ದುಂಡಗಿರುವುದೇಕೆಂದರೆ, ಎಲೆಗಳ ನಡುವಣ ಒಂದೊಂದು ಕಿಂಡಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ವರ್ತಿಸಿ ಸೂರ್ಯಬಿಂಬವನ್ನೇ ನೆಲಕ್ಕೆ ಇಳಿಸುತ್ತದೆ. ಪಾರ್ಶ್ವ ಸೂರ್ಯಗ್ರಹಣದ ದಿನ ಅವೆಲ್ಲವೂ ಕುಡುಗೋಲಿನ ಆಕಾರಕ್ಕೆ ತಿರುಗುವುದನ್ನು ನೋಡಿದವರು ಬಲ್ಲರು. ನೋಡುವುದಕ್ಕೆ ಅದೊಂದು ವಿಸ್ಮಯ. ಮುಖದ ಮೇಲೆ ಅದೊಂದು ಕಲೆ. ಅದನ್ನು ತಪ್ಪಿಸಲೆಂದು ಮರದ ಬುಡಕ್ಕೆ ಸರಿದರೆ ಬೆಳಕು ಮಂಕಾಗಿ, ಎಲೆಯಿಂದಲೂ ಹುಲ್ಲಿನಿಂದಲೂ ಚಿಮ್ಮಿದ ಹಸುರು ಛಾಯೆ ಚರ್ಮಕ್ಕೆ ಹತ್ತಿ, ಆರೋಗ್ಯವಂತ ಹುಡುಗಿಯೂ ಜ್ವರ ಬಿಟ್ಟೆದ್ದವಳಂತೆ ಕಾಣುತ್ತಾಳೆ.

ಬೇಕಾದದ್ದು ನೆರಳಿನ ಅಂಚು. ದಟ್ಟವಾದ ನೆರಳು ಎಲ್ಲಿ ಮುಗಿಯುತ್ತದೆಯೋ ಅದಕ್ಕೆ ಒಂದು ಹೆಜ್ಜೆ ಒಳಗೆ, ತೆರೆದ ಆಕಾಶದ ಕಡೆಗೆ ಮುಖಮಾಡಿ ನಿಂತವರ ಕಣ್ಣಿನಲ್ಲಿ ಆಕಾಶವೇ ಒಂದು ಸಣ್ಣ ಬೆಳಕಿನ ಬಿಂದುವಾಗಿ ಮೂಡುತ್ತದೆ. ಆ ಬಿಂದುವಿಲ್ಲದ ಕಣ್ಣು ಚಿತ್ರದಲ್ಲಿ ಜೀವವಿಲ್ಲದ್ದು. ಸ್ಥಳವನ್ನು ಪರೀಕ್ಷಿಸುವುದಕ್ಕೆ ಹುಡುಗಿಯನ್ನು ನಿಲ್ಲಿಸಿ ದಣಿಸಬೇಕಾದ ಅಗತ್ಯವಿಲ್ಲ. ನಮ್ಮ ಮುಷ್ಟಿಯನ್ನೇ ಮುಖವೆಂದು ಭಾವಿಸಿ, ಮುಂದೆ ಚಾಚಿ ಹಿಡಿದುಕೊಂಡು, ನಿಂತಲ್ಲಿಯೇ ಒಂದು ಸುತ್ತು ತಿರುಗಿದರೆ, ಬೆರಳ ಗೆಣ್ಣುಗಳ ಮೇಲೆ ಬೆಳಕು ಎಲ್ಲಿ ಮೃದುವಾಗಿ ಹರಿಯುತ್ತದೆಂಬುದು ತಾನಾಗಿ ತೋರುತ್ತದೆ.

ಈ ದೃಷ್ಟಿಯಿಂದ ನೋಡಿದಾಗ, ದಿನವೂ ತರಕಾರಿಗೆಂದು ನಡೆದಾಡುವ ನಮ್ಮ ಬಡಾವಣೆಯೇ ಒಂದು ವಿಶಾಲವಾದ ಸ್ಟುಡಿಯೋ ಎಂಬುದು ನನಗೆ ತಡವಾಗಿ ಹೊಳೆಯಿತು. ೧೯೪೮ರಲ್ಲಿ ಅಸ್ತಿವಾರ ಕಂಡು, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಧರಿಸಿದ ಜಯನಗರವು ಮೊದಲೇ ನಕ್ಷೆ ಬರೆದು ಕಟ್ಟಿದ ಊರಾದುದರಿಂದ, ಇಲ್ಲಿನ ಮೇನುಗಳು ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿಯೂ ಕ್ರಾಸುಗಳು ಪೂರ್ವ ಪಶ್ಚಿಮವಾಗಿಯೂ ಹರಿದಿವೆ. ಬೆಳಗ್ಗೆ ಎಂಟೂವರೆಯ ವೇಳೆಗೆ ಯಾವುದಾದರೂ ಮೇನಿನ ಪೂರ್ವ ಬದಿಯ ಮನೆಗಳ ನೆರಳಿನಲ್ಲಿ, ರಸ್ತೆಗೆ ಇಳಿಯದೆ ಗೇಟಿನ ಒಳಗೋ ಕಾಲುದಾರಿಯ ಮೇಲೋ, ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿರಿ. ಎದುರಿನ ಸಾಲಿನ ಕೆನೆಬಣ್ಣದ ಗೋಡೆಗಳ ಮೇಲೆ ಬಿದ್ದ ಬಿಸಿಲು, ಅಲ್ಲಿಂದ ಮರಳಿ, ರಸ್ತೆಯನ್ನು ದಾಟಿ, ಹದವಾಗಿ ಸೋಸಿದಂತಾಗಿ ಮುಖವನ್ನು ಮುಟ್ಟುತ್ತದೆ. ಸಂಜೆ ಇದನ್ನು ತಿರುಗಿಸಿಕೊಂಡರಾಯಿತು. ಗೋಡೆಗೆ ಕಡುನೀಲಿಯನ್ನೋ ಕೆಂಪನ್ನೋ ಬಳಿದ ಮನೆಯ ಎದುರು ಮಾತ್ರ ನಿಲ್ಲಬಾರದು. ಆ ಬಣ್ಣವೇ ಕೆನ್ನೆಗೆ ಬರುತ್ತದೆ.

ಮರಳಿಬರುವ ಬೆಳಕಿನ ಮಾತು ಬಂದಾಗ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದುವರಿಯಲಾರೆ. ೧೯೨೩ರಲ್ಲಿ ಜನಿಸಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತು ಮುಂಬಯಿಗೆ ಹೋದ ಅವರು, ಗುರುದತ್ತರ ೧೯೫೯ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಮೇಲಿನಿಂದ ಇಳಿಯುವ ಆ ಪ್ರಸಿದ್ಧ ಬೆಳಕಿನ ಕಂಬವನ್ನು ದೊಡ್ಡ ದೀಪಗಳಿಂದ ಮಾಡಲಿಲ್ಲ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಹಿಡಿದು, ಇನ್ನೊಂದು ಕನ್ನಡಿಯಿಂದ ತಿರುಗಿಸಿ ಸ್ಟುಡಿಯೋದೊಳಕ್ಕೆ ತಂದರು. ೨೦೦೮ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಆ ಹಿರಿಯರು ಕೊನೆಯ ದಿನಗಳನ್ನು ಕಳೆದದ್ದೂ ಈ ಬೆಂಗಳೂರಿನಲ್ಲಿಯೇ. ಬೆಳಕನ್ನು ಕೊಳ್ಳಬೇಕಾಗಿಲ್ಲ, ಇರುವ ಬೆಳಕನ್ನು ತಿರುಗಿಸಿಕೊಂಡರೆ ಸಾಕೆಂಬುದನ್ನು ನಾನು ಅರಿತದ್ದು ಅವರ ಆ ಕೆಲಸದಿಂದ. ಆದರೆ ಕನ್ನಡಿಯ ಬೆಳಕನ್ನು ನೇರವಾಗಿ ಮುಖಕ್ಕೆ ಹಾಯಿಸುವುದು ಕಣ್ಣಿಗೆ ಅಪಾಯ. ನಮಗೆ ಬೇಕಾದದ್ದು ಬಿಳುಪು ಮಾತ್ರ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಿಳಿಯ ಥರ್ಮೋಕೋಲ್ ಹಲಗೆಯೊಂದನ್ನು ಎದೆಯ ಮಟ್ಟದಲ್ಲಿ, ಮೇಲ್ಮುಖವಾಗಿ ಓರೆಮಾಡಿ ಹಿಡಿದರೆ, ಕಣ್ಣಿನ ಕೆಳಗಣ ಕಪ್ಪೂ ಗಲ್ಲದ ಕೆಳಗಣ ನೆರಳೂ ಕರಗಿಹೋಗುತ್ತವೆ. ಹಲಗೆ ಸಿಗದ ದಿನ ನಾನು ಒಗೆದ ಬಿಳಿ ಪಂಚೆಯನ್ನು ನಾಲ್ಕು ಮಡಿಕೆಯಾಗಿ ಮಡಿಸಿ ಅವಳ ತೊಡೆಯ ಮೇಲೆ ಹಾಸಿದ್ದೆ, ಕೆಲಸವೇನೂ ಕೆಡಲಿಲ್ಲ.

ಸಂಜೆಯ ಹೊಂಬೆಳಕಿನ ವಿಷಯದಲ್ಲಿ ಹೊಸಬರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಪಶ್ಚಿಮ ದೇಶದ ಪುಸ್ತಕಗಳು ಅದನ್ನು ಒಂದು ಗಂಟೆಯ ಕಾಲವೆಂದು ಹೇಳುತ್ತವೆ. ಅಲ್ಲಿ ಸೂರ್ಯನು ಓರೆಯಾಗಿ, ನಿಧಾನವಾಗಿ ಇಳಿಯುವುದರಿಂದ ಆ ಮಾತು ಸಲ್ಲುತ್ತದೆ. ನಮ್ಮಲ್ಲಿ ಅವನು ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಇಳಿಯುತ್ತಾನೆ. ಕ್ಷಿತಿಜದಿಂದ ಆರು ಡಿಗ್ರಿಯ ಎತ್ತರದಲ್ಲಿದ್ದವನು ಮುಳುಗುವುದಕ್ಕೆ ಇಪ್ಪತ್ತೈದು ನಿಮಿಷ ಸಾಕು. ನಗರದ ಕಟ್ಟಡಗಳ ಹಿಂದೆ ಅದೂ ಹದಿನೈದಕ್ಕೆ ಇಳಿಯುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ, ಮುನ್ನೂರು ಕೋಟಿ ವರ್ಷಗಳ ಹಿಂದಿನದೆನ್ನುವ ಆ ಶಿಲೆಯ ಬೆನ್ನಿನ ಮೇಲೆ ಕುಳಿತು, ಬಟ್ಟೆ, ಜಾಗ, ಎಲ್ಲವನ್ನೂ ಮೊದಲೇ ನಿಶ್ಚಯಿಸಿಕೊಂಡು ಕಾದಿದ್ದರೆ ಮಾತ್ರ ಆ ಬೆಳಕು ದಕ್ಕುತ್ತದೆ. ಅಲ್ಲಿಯೇ ಸಮೀಪದಲ್ಲಿ ಗಾಜಿನ ಮನೆ ಇದೆಯೆಂದು ಅದನ್ನು ಪೂರ್ತಿಯಾಗಿ ಹಿನ್ನೆಲೆಗೆ ತರುವ ಆಸೆಯನ್ನು ಬಿಡಬೇಕು. ೧೮೮೯ರ ಆ ಭವ್ಯ ಕಟ್ಟಡದ ಮುಂದೆ ಹುಡುಗಿಯ ಮುಖ ಸಾಸಿವೆಯಷ್ಟಾಗುತ್ತದೆ.

ಯಂತ್ರದ ವಿಷಯಕ್ಕೆ ಹೆಚ್ಚು ಮಾತು ಬೇಡ. ಮೊಬೈಲಿನಿಂದಾಗಲಿ ಕ್ಯಾಮೆರಾದಿಂದಾಗಲಿ, ತೀರ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಸರಿಯುತ್ತದೆ. ಇದು ಲೆನ್ಸಿನ ದೋಷಕ್ಕಿಂತ ದೂರದ ದೋಷ. ಆರೇಳು ಅಡಿ ಹಿಂದಕ್ಕೆ ನಿಂತು, ಕ್ಯಾಮೆರಾದೊಡನೆ ಬರುವ ೧೮-೫೫ ಲೆನ್ಸನ್ನು ೫೫ಕ್ಕೆ ತಿರುಗಿಸಿದರೆ ಮುಖದ ಅಳತೆಗಳು ನಾವು ಕಣ್ಣಾರೆ ಕಾಣುವಂತೆಯೇ ಉಳಿಯುತ್ತವೆ. ಹಿನ್ನೆಲೆ ಮಂಜಾಗಲೆಂದು ೫೦ ಮಿಲಿಮೀಟರ್ ಲೆನ್ಸಿನ ರಂಧ್ರವನ್ನು ಎಫ್ ೧.೮ಕ್ಕೆ ತೆರೆದವನು, ಆರೂವರೆ ಅಡಿಯ ದೂರದಲ್ಲಿ ಸ್ಪಷ್ಟವಾಗಿ ಉಳಿಯುವುದು ಸುಮಾರು ನಾಲ್ಕು ಅಂಗುಲದ ಆಳ ಮಾತ್ರ ಎಂಬುದನ್ನು ಮರೆಯಬಾರದು. ತಲೆ ತುಸು ವಾಲಿದರೂ ಒಂದು ಕಣ್ಣು ಮಸಕಾಗುತ್ತದೆ. ಹತ್ತಿರದ ಕಣ್ಣಿನ ಮೇಲೆ ಫೋಕಸ್ ಇಟ್ಟು, ಎಫ್ ೨.೮ ಅಥವಾ ೪ಕ್ಕೆ ಸರಿಸಿ, ಹುಡುಗಿಗೂ ಹಿಂದಿನ ಗೋಡೆಗೂ ನಡುವೆ ಹತ್ತು ಹನ್ನೆರಡು ಅಡಿ ತೆರವು ಬಿಟ್ಟರೆ ಹಿನ್ನೆಲೆ ತಾನಾಗಿ ಕರಗುತ್ತದೆ. ಶಟರನ್ನು ಸೆಕೆಂಡಿನ ಇನ್ನೂರನೆಯ ಒಂದು ಭಾಗಕ್ಕಿಂತ ನಿಧಾನಗೊಳಿಸದಿರುವುದು ಕ್ಷೇಮ. ಈ ವಯಸ್ಸಿನ ಮಕ್ಕಳು ಒಂದು ಕ್ಷಣವೂ ನಿಶ್ಚಲರಾಗಿರುವುದಿಲ್ಲ.

ಬಣ್ಣದ ವಿಷಯವನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಇಲ್ಲಿ ಮನಸ್ಸುಗಳು ನೋಯುತ್ತವೆ. ಹಿನ್ನೆಲೆ ಪ್ರಕಾಶಮಾನವಾಗಿದ್ದರೆ ಕ್ಯಾಮೆರಾ ಅದಕ್ಕೆ ಹೆದರಿ ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಗೋಧಿಬಣ್ಣದ, ಎಣ್ಣೆಗೆಂಪಿನ ನಮ್ಮ ಮುಖಗಳು ಆಗ ಕತ್ತಲಲ್ಲಿ ಮುಳುಗುತ್ತವೆ. ಕೋಡಕ್ ಕಂಪನಿಯು ದಶಕಗಳ ಕಾಲ ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಬಿಳಿಯ ಮಹಿಳೆಯೊಬ್ಬಳ ಚಿತ್ರವಿದ್ದ ಪಟ್ಟಿಯನ್ನೇ ಲ್ಯಾಬುಗಳಿಗೆ ಮಾದರಿಯಾಗಿ ಕಳಿಸುತ್ತಿತ್ತೆಂಬುದನ್ನು ಓದಿದಾಗ, ಈ ಅನ್ಯಾಯಕ್ಕೆ ಎಷ್ಟು ಹಳೆಯ ಬೇರಿದೆಯೆಂದು ನನಗೆ ತಿಳಿಯಿತು. ಪರಿಹಾರವು ಸುಲಭ: ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಹಂತದವರೆಗೆ ಏರಿಸಿ, ಮುಖವನ್ನು ನೋಡಿ ನಿರ್ಧರಿಸುವುದು. ಆದರೆ ಬೆಳಕನ್ನು ಸರಿಪಡಿಸುವುದು ಬೇರೆ, ಬಣ್ಣವನ್ನು ಬಿಳಿಚಿಸುವುದು ಬೇರೆ. ಮೊಬೈಲಿನಲ್ಲಿ ಮುಖವನ್ನು ತಾನಾಗಿ ಬೆಳ್ಳಗೆ, ನುಣ್ಣಗೆ ಮಾಡುವ ಏರ್ಪಾಡನ್ನು ದಯಮಾಡಿ ನಿಲ್ಲಿಸಿಡಿ. ಹದಿನಾರರ ಮಗುವಿಗೆ ಅವಳ ಮುಖವನ್ನೇ ತಿದ್ದಿ ಕೊಟ್ಟರೆ, ನಿನ್ನ ನಿಜವಾದ ಮುಖ ಸಾಲದೆಂದು ಹಿರಿಯರೇ ಹೇಳಿದಂತಾಗುತ್ತದೆ.

ಇಷ್ಟೆಲ್ಲ ಕಲಿತ ಮೇಲೆಯೂ ನನ್ನ ಚಿತ್ರಗಳಲ್ಲಿ ಅವಳು ಮರದ ಗೊಂಬೆಯಂತೆ ನಿಂತಿದ್ದಳು. ‘ಸ್ವಲ್ಪ ನಗು’ ಎಂದೆ. ‘ನಗು ಅಂತ ಹೇಳಬೇಡಿ ಮಾಮ, ಹೇಳಿದರೆ ನಗು ಬರೋದಿಲ್ಲ’ ಎಂದಳು. ಅದಕ್ಕಿಂತ ಉತ್ತಮವಾದ ಪಾಠವನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳನ್ನು ಆ ರಾತ್ರಿ ಮತ್ತೊಮ್ಮೆ ತೆರೆದು ನೋಡಿದೆ. ೧೯೭೯ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಾರ್ಯಾಲಯದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆದದ್ದು ಹಲವರಿಗೆ ತಿಳಿದಿದೆ. ಆ ಚಿತ್ರಗಳ ಮಕ್ಕಳು ಕ್ಯಾಮೆರಾಕ್ಕಾಗಿ ಏನನ್ನೂ ಮಾಡುತ್ತಿರುವಂತೆ ತೋರುವುದಿಲ್ಲ; ತಮ್ಮ ಆಟದಲ್ಲೋ, ತಮ್ಮ ಯೋಚನೆಯಲ್ಲೋ ಇದ್ದಾರೆ, ಛಾಯಾಗ್ರಾಹಕನು ಅವರ ಬಳಿ ಇದ್ದಾನೆ, ಅಷ್ಟೆ. ಎಳೆಯ ಮಗುವು ಕ್ಯಾಮೆರಾವನ್ನು ಮರೆಯುತ್ತದೆ, ವಯಸ್ಕನು ಅದನ್ನು ಸಹಿಸುತ್ತಾನೆ. ಹದಿಹರೆಯದವರಿಗೆ ಇವೆರಡೂ ಕಷ್ಟ. ಕೈಗಳನ್ನು ಎಲ್ಲಿಡಬೇಕೆಂಬುದೇ ಅವರಿಗೆ ಒಂದು ಸಂಕಟ. ಆ ಕೈಗಳಿಗೆ ಕೆಲಸ ಕೊಡಬೇಕು: ಪುಸ್ತಕ, ಬ್ಯಾಡ್ಮಿಂಟನ್ ರಾಕೆಟ್ಟು, ಬಿಚ್ಚಿ ಮತ್ತೆ ಕಟ್ಟಿಕೊಳ್ಳಬೇಕಾದ ಜಡೆ, ಯಾವುದಾದರೂ ಸರಿ. ಅವರಿಗೆ ಇಷ್ಟವಾದ ಬಟ್ಟೆಯನ್ನು ಅವರೇ ಆರಿಸಲಿ. ನೋಡುವವರ ಗುಂಪು ಸುತ್ತ ನೆರೆಯದಿರಲಿ. ತೆಗೆದ ಚಿತ್ರವನ್ನು ಆಗಾಗ ಅವರಿಗೆ ತೋರಿಸುತ್ತಿರಬೇಕು, ಅವರನ್ನು ಕೇಳದೆ ಮನೆಯ ವಾಟ್ಸಾಪ್ ಗುಂಪಿಗೂ ಅದನ್ನು ಹಾಕಬಾರದು.

ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆಗೆ ಮಗಳು ಉಡುಗೊರೆಯಾಗಿ ಕ್ಯಾಮೆರಾ ಕೊಟ್ಟದ್ದು ೧೮೬೩ರಲ್ಲಿ, ಆಕೆಯ ನಲವತ್ತೆಂಟನೆಯ ವಯಸ್ಸಿನಲ್ಲಿ. ಭಾವಚಿತ್ರಗಳ ಚರಿತ್ರೆಯಲ್ಲಿ ಆಕೆಯ ಹೆಸರು ಇಂದಿಗೂ ಮುಂದಿದೆ. ತಡವಾಗಿ ತೊಡಗಿದವರಿಗೆ ನಾನು ಆಕೆಯ ಹೆಸರನ್ನು ಧೈರ್ಯಕ್ಕಾಗಿ ಹೇಳುತ್ತಿರುತ್ತೇನೆ.

ಜುಲೈ ತಿಂಗಳ ಒಂದು ಭಾನುವಾರ, ಮೋಡವು ತೆಳ್ಳಗೆ ಕವಿದು ಇಡೀ ಆಕಾಶವೇ ಬಿಳಿ ಪಂಚೆಯಂತೆ ಹರಡಿದ್ದಾಗ, ನಾವಿಬ್ಬರೂ ಎಂಟು ಗಂಟೆಗೆ ಮಾಧವನ್ ಪಾರ್ಕಿನ ಕಡೆಗೆ ನಡೆದೆವು. ಕಾವಲುಗಾರರನ್ನು ಕೇಳಿ ಒಪ್ಪಿಗೆ ಪಡೆದು, ಮರಗಳ ನೆರಳು ಮುಗಿಯುವ ಕಡೆ ಒಂದು ಕಲ್ಲುಬೆಂಚಿನ ಮೇಲೆ ಅವಳು ಕುಳಿತಳು. ಹೊಸ ಕಾಲೇಜಿನ ಸ್ನೇಹಿತೆಯರ ಸುದ್ದಿಯನ್ನು ಅವಳು ಹೇಳುತ್ತಾ ಹೋದಳು. ನಾನು ಕೇಳುತ್ತಾ, ನಡುನಡುವೆ ಕ್ಯಾಮೆರಾವನ್ನು ಎತ್ತುತ್ತಾ, ನಲವತ್ತು ಚಿತ್ರಗಳನ್ನು ತೆಗೆದೆ. ನನಗೆ ಮೆಚ್ಚುಗೆಯಾದದ್ದು ಅವಳು ನೇರವಾಗಿ ನನ್ನನ್ನು ನೋಡಿ ಮುಗುಳ್ನಕ್ಕದ್ದು. ಕಣ್ಣು, ಬೆಳಕು, ಹಿನ್ನೆಲೆ, ಎಲ್ಲವೂ ಅದರಲ್ಲಿ ಹೊಂದಿಕೊಂಡಿದ್ದವು. ಅವಳು ಅದನ್ನು ದಾಟಿ ಮುಂದೆ ಹೋದಳು. ಜಡೆಯ ಬ್ಯಾಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಕೈಗಳನ್ನೂ ಹಿಂದಕ್ಕೆತ್ತಿ, ಯಾರೋ ಕರೆದರೆಂದು ಪಕ್ಕಕ್ಕೆ ತಿರುಗಿದ್ದ ಒಂದು ಚಿತ್ರದ ಬಳಿ ನಿಂತಳು. ಅದರಲ್ಲಿ ಒಂದು ಕೈ ಮಸಕಾಗಿತ್ತು.

‘ಇದು ನಾನು’ ಎಂದಳು. ‘ಇದೊಂದನ್ನ ಇಟ್ಟುಕೊಳ್ಳಿ ಮಾಮ, ಉಳಿದದ್ದೆಲ್ಲ ಅಳಿಸಿಬಿಡಿ.’

ಮನೆ ಸೇರುವ ಮೊದಲೇ, ಅವಳ ಎದುರಿನಲ್ಲಿ, ಮೂವತ್ತೊಂಬತ್ತನ್ನೂ ಅಳಿಸಿದೆ.