ಸಿಂಹಮೀನು ಆಹಾರ ಬಿಟ್ಟಾಗ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಠಾಣೆ, ಡೊಂಬಿವಲಿ, ಕಲ್ಯಾಣಗಳ ಸಣ್ಣ ಮನೆಗಳಿಗೂ ಬಂದಿದೆ. ಕುರ್ಲಾದ ಪೇಟೆಗೆ ಹೋದವರಲ್ಲಿ ಹೆಚ್ಚಿನವರು ಸಿಹಿನೀರಿನ ಗಪ್ಪಿ, ಗೋಲ್ಡ್‌ಫಿಶ್‌ಗಳಿಗೇ ತೃಪ್ತರಾಗುತ್ತಾರೆ. ಕೆಲವರು ಮಾತ್ರ ಕೆಂಪು-ಬಿಳಿ ಪಟ್ಟೆಗಳ, ಬೀಸಣಿಗೆಯಂಥ ರೆಕ್ಕೆಗಳ ಸಿಂಹಮೀನಿಗೆ ಮನಸೋಲುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಲಯನ್ ಫಿಶ್ ಎಂದೇ ಹೆಸರು. ಇದು ದೂರದೇಶದ ಪ್ರಾಣಿಯೇನಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿಯೂ ಮುರ್ಡೇಶ್ವರದ ಎದುರಿಗಿರುವ ನಮ್ಮ ನೇತ್ರಾಣಿಯ ಬಂಡೆಗಳಲ್ಲಿಯೂ ಇದರ ಕುಲ ಉಂಟು.

ಹಣ ಕೊಟ್ಟು ತಂದ ಮೀನು ನಾಲ್ಕು ದಿನ ಬಾಯಿ ತೆರೆಯದಿದ್ದರೆ ಮನೆಯವರಿಗೆಲ್ಲ ಗಾಬರಿ. ಆ ಗಾಬರಿಯಲ್ಲಿ ಔಷಧದ ಶೀಸೆಯನ್ನು ತೊಟ್ಟಿಗೆ ಸುರಿಯುತ್ತಾರೆ. ರೋಗವೇ ಇಲ್ಲದ ಮೀನು ಹೀಗೆ ಔಷಧದಿಂದ ಸಾಯುವುದುಂಟು. ಆದುದರಿಂದ ಪರೀಕ್ಷೆಯ ಕ್ರಮವನ್ನು ನೆನಪಿಡಬೇಕು: ಮೊದಲು ನೀರು, ಆಮೇಲೆ ಆಹಾರ, ಕಡೆಗೆ ಔಷಧ.

ನೀರಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು. ಇವನ್ನು ಅಳೆಯುವ ಕಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ಹೊಸ ತೊಟ್ಟಿಯಲ್ಲಿ ಈ ವಿಷಗಳನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟರೊಳಗೆ ಮೀನು ಬಿಟ್ಟರೆ ಅದು ಉಪವಾಸ ಬೀಳುವುದು ಆಶ್ಚರ್ಯವಲ್ಲ. ಉಷ್ಣಮಾನ 24ರಿಂದ 27 ಡಿಗ್ರಿ ಇರಲಿ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕಚೇರಿಗೆ ಹೋದ ಮನೆಯಲ್ಲಿ ನೀರು 30 ಡಿಗ್ರಿ ದಾಟುವುದು ಸುಲಭ. ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಇಂಗಿದಷ್ಟನ್ನು ಕ್ಲೋರಿನ್ ತೆಗೆದ ಸಿಹಿನೀರಿನಿಂದಲೇ ತುಂಬತಕ್ಕದ್ದು. ವಿದ್ಯುತ್ತು ಹೋದಾಗ ಗಾಳಿಯೂಡಲು ಬ್ಯಾಟರಿಯ ಪಂಪೊಂದು ಮನೆಯಲ್ಲಿರಲಿ.

ನೀರು ಸರಿಯಿದ್ದರೆ ಆಹಾರದ ವಿಚಾರ. ಸಿಂಹಮೀನು ಬೇಟೆಗಾರ, ಚಲಿಸುವುದನ್ನು ಮಾತ್ರ ಆಹಾರವೆಂದು ಬಲ್ಲದು. ಹೊಸದಾಗಿ ಬಂದ ಮೀನಿಗೆ ತಟಸ್ಥವಾಗಿ ಬಿದ್ದ ತುಂಡು ಊಟವೆಂದೇ ತೋರುವುದಿಲ್ಲ. ಸಿಗಡಿಯ, ಎಂದರೆ ಇಲ್ಲಿಯ ಕೋಲಂಬಿಯ, ತುಂಡನ್ನು ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿ ಅದರ ಮುಂದೆ ಮೆಲ್ಲಗೆ ಆಡಿಸಬೇಕು. ಮೊದಮೊದಲು ಜೀವಂತ ಸಣ್ಣ ಸಿಗಡಿ ಕೊಟ್ಟು ಕ್ರಮೇಣ ಇದಕ್ಕೆ ತಿರುಗಿಸಬಹುದು. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಅಗ್ಗವೆಂದು ಸದಾ ಗೋಲ್ಡ್‌ಫಿಶ್ ಮರಿಗಳನ್ನೇ ಹಾಕುವುದು ತಪ್ಪು. ಅವುಗಳಲ್ಲಿರುವ ಒಂದು ಪದಾರ್ಥ ಬಿ-1 ಜೀವಸತ್ವವನ್ನು ನಾಶಮಾಡುತ್ತದೆ. ಬಾಯಿ ಹಾಕಿಯೂ ನುಂಗಲಾಗದಿದ್ದರೆ ಅಥವಾ ಬಾಯಿ ತೆರೆದೇ ನಿಂತಿದ್ದರೆ ದವಡೆಗೆ ಪೆಟ್ಟಾಗಿರಬಹುದು.

ಮೂರನೆಯದು ಮೈಯ ಲಕ್ಷಣ. ಈ ಮೀನು ಆಗಾಗ ಮೈಮೇಲಿನ ತೆಳುಪೊರೆಯನ್ನು ಕಳಚುತ್ತದೆ. ಆಗ ಬಣ್ಣ ಮಾಸುತ್ತದೆ, ಒಂದೆರಡು ದಿನ ಊಟ ಬೇಡವಾಗುತ್ತದೆ. ಇದು ರೋಗವಲ್ಲ. ಆದರೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು, ಕಲ್ಲಿಗೆ ಮೈ ಉಜ್ಜುವುದು, ಕಿವಿರು ಬೇಗ ಬೇಗ ಆಡುವುದು, ಇವು ಕೂಡಿ ಕಂಡರೆ ಪರೋಪಜೀವಿಯ ಬಾಧೆಯೆಂದು ಸಂಶಯಿಸಬೇಕು. ಆಗ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿ, ತಿಳಿದವರ ಸಲಹೆಯಂತೆ ಅಳತೆ ಮಾಡಿಯೇ ತಾಮ್ರದ ಔಷಧ ಕೊಡಬೇಕು.

ಮೀನಿನ ಆರೈಕೆಯಲ್ಲಿ ಮನೆಯವರ ಕ್ಷೇಮವನ್ನು ಮರೆಯಬಾರದು. ಇದರ ಬೆನ್ನಿನಲ್ಲಿ 13, ಹೊಟ್ಟೆಯ ಬದಿಗಳಲ್ಲಿ 2, ಬಾಲದ ಬುಡದ ಕೆಳಗೆ 3, ಹೀಗೆ 18 ವಿಷಮುಳ್ಳುಗಳಿವೆ. ಸಾಗಿಸುವಾಗ ಬಲೆಯ ಬದಲು ಗಟ್ಟಿಯಾದ ಡಬ್ಬಿ ಬಳಸಿರಿ. ಲೋಕಲ್ ಗಾಡಿಯ ಜಂಗುಳಿಯಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನೇ ನಂಬಬೇಡಿರಿ. ಅದನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿಡಿರಿ. ಮುಳ್ಳು ಚುಚ್ಚಿದರೆ ಆ ಭಾಗವನ್ನು ಸುಡದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿಗೆ ಮೀರದಂತೆ, 30ರಿಂದ 90 ನಿಮಿಷ ಅದ್ದಿಡಬೇಕು. ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿಕೊಳ್ಳಬೇಕು, ಬಳಿಕ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ ಅಥವಾ ತಲೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಸಾಗಿಸಬೇಕು.

ಸಾಕಲು ಆಗದೆಂದು ಇದನ್ನು ಠಾಣೆಯ ಖಾಡಿಗೆ ಬಿಡುವುದೂ ಸಲ್ಲದು. 1985ರಲ್ಲಿ ಫ್ಲೋರಿಡಾದ ಕಡಲಲ್ಲಿ ಮೊದಲು ಕಂಡ ಸಿಂಹಮೀನು ಇಂದು ಅಲ್ಲಿಯ ಮೀನುಮರಿಗಳನ್ನು ತಿಂದು ಹಾಕುವ ಪೀಡೆಯಾಗಿದೆ. ಅದರ ಮೂಲ ಸಾಕುವವರ ತೊಟ್ಟಿಗಳೆಂದೇ ತಜ್ಞರ ಅಭಿಪ್ರಾಯ. ಅಂಗಡಿಗೇ ಹಿಂದಿರುಗಿಸುವುದು ಮೇಲು.

ಕೊಳ್ಳುವ ಮುನ್ನ ಒಂದೇ ಮಾತು ಕೇಳಿರಿ: "ನನ್ನ ಎದುರಿಗೆ ಇದಕ್ಕೆ ತಿನ್ನಿಸಿ ತೋರಿಸುವಿರಾ?" ಅಂಗಡಿಯಲ್ಲಿ ತಿನ್ನದ ಮೀನನ್ನು ಮನೆಗೆ ತರಬೇಡಿರಿ.