ಗಂಧ ದಾರಿಯಲ್ಲೇ ಕರಗಿದರೆ ಪತಂಗ ಎಲ್ಲಿಗೆ ಹೋಗಬೇಕು?

ವಾಯುಮಾಲಿನ್ಯ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಕೆಮ್ಮು, ಕಣ್ಣುರಿ, ಕಪ್ಪುಗಟ್ಟಿದ ಶ್ವಾಸಕೋಶ. ಅಂದರೆ ಮೈಗೆ ತಗಲುವ ವಿಷ. ಬೆಂಗಳೂರಿನ ಹೆಜ್ಜೇನುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ಈ ಬಗೆಯ ಹಾನಿಯನ್ನೇ ತೋರಿಸಿತ್ತು: ಹೆಚ್ಚು ಮಲಿನ ಜಾಗಗಳಿಂದ ಹಿಡಿದು ತಂದ ಜೇನುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಒಂದೇ ದಿನದಲ್ಲಿ ಸತ್ತವು. ಆದರೆ ಮಾಲಿನ್ಯ ಯಾರ ಮೈಯನ್ನೂ ಮುಟ್ಟದೆ ಕೇಡು ಮಾಡಬಲ್ಲದು. ಗಿಡ ಆರೋಗ್ಯವಾಗಿರುತ್ತದೆ, ಕೀಟವೂ ಗಟ್ಟಿಮುಟ್ಟಾಗಿರುತ್ತದೆ, ಅವೆರಡರ ನಡುವಿನ ಮಾತುಕತೆ ಮಾತ್ರ ಅಳಿಸಿಹೋಗಿರುತ್ತದೆ. ಇದಕ್ಕೆ ಒಳ್ಳೆಯ ಪುರಾವೆ ಹಾಕ್‌ಮಾತ್ ಎಂಬ ಪತಂಗ.

ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಸುರುಳಿ ಸುತ್ತಿಕೊಂಡ ಉದ್ದನೆಯ ಹೀರುನಾಳವನ್ನು ಬಿಚ್ಚಿ ಮಕರಂದ ಎಳೆಯುವ ದಪ್ಪ ಮೈಯ ಪತಂಗವಿದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಣ ಪ್ರದೇಶದಲ್ಲಿ ಸಂಜೆ ಅರಳುವ ಪ್ರಿಮ್‌ರೋಸ್ ಎಂಬ ಬಿಳಿ ಹೂವಿಗೆ ಇದರ ಭೇಟಿ ಬೇಕು. ದೂರದಿಂದ ಹೂವು ಕಾಣುವುದಿಲ್ಲ. ದಾರಿ ತೋರುವುದು ಗಂಧ. ಪತಂಗದ ಕುಡಿಮೀಸೆಗೆ ಸಣ್ಣ ವಿದ್ಯುದಗ್ರ ಹಚ್ಚಿ, ಹೂಗಂಧದ ಅಣುಗಳನ್ನು ಒಂದೊಂದಾಗಿ ಹಾಯಿಸಿದರೆ ಯಾವುದಕ್ಕೆ ನರ ಮಿಡಿಯುತ್ತದೆಂದು ತಿಳಿಯುತ್ತದೆ. ಈ ಹೂವಿನ ಮಟ್ಟಿಗೆ ಜೋರಾಗಿ ಮಿಡಿಸಿದ್ದು ಮಾನೋಟರ್ಪೀನ್ ಎಂಬ ವರ್ಗದ ಅಣುಗಳು. ದುರದೃಷ್ಟಕ್ಕೆ, ಗಾಳಿಯಲ್ಲಿ ಬೇಗ ಮುರಿದುಬೀಳುವುದೂ ಅವೇ.

ಅವನ್ನು ಮುರಿಯುವುದು ನೈಟ್ರೇಟ್ ರ‍್ಯಾಡಿಕಲ್. ವಾಹನದ ಹೊಗೆಯಿಂದ ಬಂದ ನೈಟ್ರೋಜನ್ ಡೈಆಕ್ಸೈಡ್ ಓಝೋನ್ ಜೊತೆ ವರ್ತಿಸಿದಾಗ ಇದು ಹುಟ್ಟುತ್ತದೆ. ಬಿಸಿಲು ಬಿದ್ದರೆ ಕ್ಷಣದಲ್ಲಿ ಒಡೆದುಹೋಗುತ್ತದೆ, ಹಾಗಾಗಿ ಇದರ ಆಟವೆಲ್ಲ ರಾತ್ರಿ, ಅಂದರೆ ಪತಂಗ ಹೊರಡುವ ಹೊತ್ತಿಗೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆರೆಮಿ ಚಾನ್, ಜೆಫ್ ರಿಫೆಲ್, ಜೋಯಲ್ ಥಾರ್ನ್‌ಟನ್ ಮತ್ತು ಸಂಗಡಿಗರು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದ ಹುರುಳು ಇದು. ಗಾಳಿಸುರಂಗದಲ್ಲಿ, ಹೀಗೆ ಕೆಡಿಸಿದ ಗಂಧ ಕೊಟ್ಟಾಗ ತಂಬಾಕಿನ ಹಾಕ್‌ಮಾತ್ ಹೂವನ್ನು ಪತ್ತೆಹಚ್ಚುವ ನಿಖರತೆ ಅರ್ಧಕ್ಕಿಳಿಯಿತು. ಇನ್ನೊಂದು ಜಾತಿಯಾದ ಬಿಳಿಗೆರೆಯ ಹಾಕ್‌ಮಾತಿಗೆ ಹೂವು ಸಿಗಲೇ ಇಲ್ಲ. ಬಯಲಿನಲ್ಲಿಟ್ಟ ಕೃತಕ ಹೂವಿಗೆ ಶುದ್ಧ ಗಂಧ ಕೊಟ್ಟಾಗ ಪತಂಗಗಳು ಬಂದವು, ಕೆಡಿಸಿದ ಗಂಧ ಕೊಟ್ಟಾಗ ಭೇಟಿ ಶೇಕಡಾ 70ರಷ್ಟು ಕುಸಿಯಿತು.

ಓಝೋನಾಗಲಿ ನೈಟ್ರೇಟ್ ರ‍್ಯಾಡಿಕಲ್ ಆಗಲಿ ಮನುಷ್ಯ ಹುಟ್ಟಿಸಿದ್ದಲ್ಲ, ನಿಸರ್ಗದಲ್ಲೂ ಇವೆಯಲ್ಲ ಎನ್ನಬಹುದು. ನಿಜ, ಪ್ರಶ್ನೆ ಇರುವುದು ಪ್ರಮಾಣದ್ದು. ಅದೇ ತಂಡದ ಲೆಕ್ಕಾಚಾರದ ಪ್ರಕಾರ ಕೈಗಾರಿಕೆಗೆ ಮುಂಚೆ ಸುಮಾರು 2 ಕಿಲೋಮೀಟರ್ ದೂರಕ್ಕೂ ತಲುಪುತ್ತಿದ್ದ ಗಂಧ ಇಂದು ಹಲವೆಡೆ ಕೆಲವು ನೂರು ಮೀಟರಿಗೇ ಮುಗಿಯುತ್ತದೆ. ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಪತಂಗ ಕಲಿಯಬಲ್ಲದು. ಜರ್ಮನಿಯ ಯೆನಾದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಓಝೋನ್ ಬದಲಿಸಿದ ಗಂಧವನ್ನು ತಂಬಾಕಿನ ಹಾಕ್‌ಮಾತ್ ಮೊದಲು ಕಡೆಗಣಿಸಿದರೂ, ಸಿಹಿ ಸಿಕ್ಕ ಮೇಲೆ ಗುರುತಿಟ್ಟುಕೊಂಡು ಹುಡುಕಿ ಬಂದದ್ದನ್ನು 2020ರಲ್ಲಿ ತೋರಿಸಿದರು. ಮಿದುಳು ಅಷ್ಟು ಜಡವಲ್ಲ, ಅದನ್ನು ಒಪ್ಪಬೇಕು. ಆದರೆ ಈ ಪಾಠ ಕಲಿಯಲು ಒಮ್ಮೆಯಾದರೂ ಹೂವು ಸಿಗಬೇಕು, ಅದೂ ಮೈಯಲ್ಲಿ ಹಾರುವಷ್ಟು ಕಸುವು ಉಳಿದಿರುವಾಗಲೇ. ಗಂಧ ಬದಲಾದರೆ ಹೊಸದನ್ನು ಕಲಿಯಬಹುದು, ಅದು ನರ ಮಿಡಿಸುವ ಮಟ್ಟಕ್ಕಿಂತ ತೆಳುವಾಗಿಬಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ.

ಇತ್ತ ಗಿಡಕ್ಕೆ ಕಲಿಯುವ ಅವಕಾಶವೂ ಇಲ್ಲ. ಭೇಟಿ ಇಷ್ಟು ಇಳಿದರೆ ಈ ಪ್ರಿಮ್‌ರೋಸ್ ಕಾಯಿ ಕಟ್ಟುವುದು ಶೇಕಡಾ 28ರಷ್ಟು ಕಡಿಮೆಯಾಗುತ್ತದೆಂದು ವಾಷಿಂಗ್ಟನ್ ತಂಡ ಅಂದಾಜಿಸಿದೆ. ನಮ್ಮ ಗಾಳಿಯ ಗುಣಮಟ್ಟದ ಸೂಚ್ಯಂಕವನ್ನು ರೂಪಿಸಿರುವುದು ಮನುಷ್ಯರ ಆರೋಗ್ಯದ ಲೆಕ್ಕದಲ್ಲಿ, ಅದು ತಪ್ಪೂ ಅಲ್ಲ. ಅದರ ಪಟ್ಟಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಇದೆ, ಓಝೋನ್ ಇದೆ. ಕತ್ತಲಾದ ಮೇಲೆ ಅವೆರಡೂ ಕೂಡಿ ಹುಟ್ಟಿಸುವ ರ‍್ಯಾಡಿಕಲ್ ಮಾತ್ರ ಇಲ್ಲ.