ಬಂದೂಕು ಪರವಾನಗಿದಾರರ ಮಾಹಿತಿಗಾಗಿ: ತೋಟಾ ಮತ್ತು ನಳಿಗೆಗಳಲ್ಲಿ ಅತಿ ಒತ್ತಡದ ಚಿಹ್ನೆಗಳು

ಮಾರ್ಕೋನಹಳ್ಳಿ ಜಲಾಶಯದ ಸುತ್ತಮುತ್ತಲ ಗ್ರಾಮಗಳಲ್ಲಿಯೂ ಕುಣಿಗಲ್ ಮತ್ತು ಗುಬ್ಬಿ ತಾಲ್ಲೂಕುಗಳ ಇತರ ಭಾಗಗಳಲ್ಲಿಯೂ ಭತ್ತ, ರಾಗಿ, ತೆಂಗು ಮತ್ತು ಅಡಿಕೆ ಬೆಳೆಯುವ ರೈತರು ಬೆಳೆ ರಕ್ಷಣೆಗಾಗಿ ಬಂದೂಕು ಪರವಾನಗಿ ಹೊಂದಿರುವುದು ಹಿಂದಿನಿಂದಲೂ ನಡೆದು ಬಂದಿದೆ. ಪರವಾನಗಿಗೆ ಅರ್ಜಿ ಸಲ್ಲಿಸುವವರು ನಮೂನೆ, ದಾಖಲೆ ಮತ್ತು ಶುಲ್ಕಗಳ ಬಗ್ಗೆ ವಿಚಾರಿಸುವಷ್ಟು ಬಂದೂಕಿನ ಸುಸ್ಥಿತಿಯ ಬಗ್ಗೆ ವಿಚಾರಿಸುವುದಿಲ್ಲ. ಬಂದೂಕು ಸಿಡಿದಾಗ ಹಾನಿಗೊಳಗಾಗುವುದು ಮುಖ್ಯವಾಗಿ ಹಿಡಿದವನ ಎಡಗೈ ಮತ್ತು ಕಣ್ಣು. ಬಹುಪಾಲು ಸಂದರ್ಭಗಳಲ್ಲಿ ಬಂದೂಕು ಅಥವಾ ತೋಟಾ ಅದಕ್ಕೆ ಮುಂಚೆಯೇ ಏನಾದರೂ ಸೂಚನೆ ನೀಡಿರುತ್ತದೆ. ಆ ಸೂಚನೆಗಳನ್ನು ಗುರುತಿಸುವ ಬಗೆ ಮತ್ತು ಕಂಡಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒತ್ತಡ ಎಂದರೇನು

ಮದ್ದು ಉರಿದಾಗ ಅನಿಲ ಉತ್ಪತ್ತಿಯಾಗಿ ಗುಂಡನ್ನು ಅಥವಾ ಚರೆಯನ್ನು ಮುಂದಕ್ಕೆ ತಳ್ಳುತ್ತದೆ. ಅದೇ ಅನಿಲವು ನಳಿಗೆಯ ಗೋಡೆಯನ್ನೂ ಹಿಂಬದಿಯ ಬೋಲ್ಟನ್ನೂ ಅಷ್ಟೇ ಬಲದಿಂದ ಒತ್ತುತ್ತದೆ. ಯುರೋಪಿನ ಮಾನಕದಂತೆ 65 ಅಥವಾ 70 ಮಿಲಿಮೀಟರ್ ಉದ್ದದ ಸಾಮಾನ್ಯ 12 ಬೋರ್ ತೋಟಾದ ಗರಿಷ್ಠ ಒತ್ತಡ 740 ಬಾರ್. ಪಾಯಿಂಟ್ 30-06 ರೈಫಲ್ ತೋಟಾಕ್ಕೆ ಅದೇ ಮಾನಕದಲ್ಲಿ 4050 ಬಾರ್. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್ ಮಾತ್ರ ಎಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ತಿಳಿಯುತ್ತದೆ.

ಒತ್ತಡವು ಮದ್ದಿನ ತೂಕದ ಜೊತೆಗೆ ಸಮಪ್ರಮಾಣದಲ್ಲಿ ಏರುವುದಿಲ್ಲ. ಮದ್ದು ಬೇಗ ಉರಿದಷ್ಟೂ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಹೊಗೆರಹಿತ ಮದ್ದು ಇನ್ನೂ ಬೇಗ ಉರಿಯುತ್ತದೆ. ಆದುದರಿಂದ ಮದ್ದು ತುಸು ಹೆಚ್ಚಾದರೂ, ಗುಂಡು ತುಸು ಒಳಗೆ ಕೂತರೂ, ತೋಟಾ ಬಿಸಿಲಿನಲ್ಲಿ ಕಾದಿದ್ದರೂ ಒತ್ತಡ ಹಠಾತ್ತನೆ ಮೇಲೇರಬಹುದು. ಮಾರ್ಕೋನಹಳ್ಳಿ ಜಲಾಶಯದಲ್ಲಿ ಶಿಂಷಾ ನದಿಯ ನೀರು ಒಂದು ಮಟ್ಟ ಮೀರಿದೊಡನೆ ಸೈಫನ್‌ಗಳು ತಾವಾಗಿಯೇ ಹೆಚ್ಚುವರಿ ನೀರನ್ನು ಹೊರಕ್ಕೆ ಬಿಡುತ್ತವೆ. ಬಂದೂಕಿನಲ್ಲಿ ಅಂತಹ ವ್ಯವಸ್ಥೆ ಯಾವುದೂ ಇಲ್ಲ.

ತೋಟಾವನ್ನು ಮನೆಯಲ್ಲಿ ತುಂಬುವ ಬಗ್ಗೆ

ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಬಳಸುವುದು ಕೆಲವು ವಿದೇಶಗಳಲ್ಲಿ ಹವ್ಯಾಸಿಗಳ ರೂಢಿ. ಭಾರತದಲ್ಲಿ 1959ರ ಆಯುಧ ಅಧಿನಿಯಮದ 2ನೇ ಪ್ರಕರಣದ ಮೇರೆಗೆ ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಮದ್ದುಗುಂಡು ಎಂಬ ವ್ಯಾಖ್ಯೆಯಲ್ಲಿಯೇ ಸೇರಿವೆ. 5ನೇ ಪ್ರಕರಣದಂತೆ ಮದ್ದುಗುಂಡಿನ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಅಗತ್ಯ. ಬೆಳೆ ರಕ್ಷಣೆಗೆ ಅಥವಾ ಆತ್ಮರಕ್ಷಣೆಗೆ ನೀಡಿದ ಪರವಾನಗಿಯು ತಯಾರಿಕೆಗೆ ಅನುಮತಿಯಲ್ಲ. ಉಲ್ಲಂಘನೆಗೆ 25ನೇ ಪ್ರಕರಣದ ಮೇರೆಗೆ, 2019ರ ತಿದ್ದುಪಡಿಯ ನಂತರ, 7 ವರ್ಷಕ್ಕೆ ಕಡಿಮೆಯಿಲ್ಲದ ಮತ್ತು ಆಜೀವ ಕಾರಾವಾಸದವರೆಗೂ ವಿಸ್ತರಿಸಬಹುದಾದ ಶಿಕ್ಷೆ ವಿಧಿಸಲಾಗಿದೆ.

ಹೀಗಿದ್ದರೂ ಖಾಲಿ 12 ಬೋರ್ ತೋಟಾಕ್ಕೆ ಪಟಾಕಿಯ ಮದ್ದು ಅಥವಾ ಬೆಂಕಿಕಡ್ಡಿಯ ತಲೆ ತುಂಬುವ ಪ್ರಯತ್ನಗಳು ನಡೆಯಬಹುದು. ಪಟಾಕಿಯ ಮದ್ದು ಸಿಡಿಯುವುದಕ್ಕಾಗಿ ಮಾಡಿದ್ದೇ ಹೊರತು ಗುಂಡನ್ನು ತಳ್ಳುವುದಕ್ಕಾಗಿ ಅಲ್ಲ. ಅದು ಉರಿಯುವ ವೇಗಕ್ಕೆ ಯಾವ ಬಂದೂಕಿನ ನಳಿಗೆಯನ್ನೂ ರೂಪಿಸಿಲ್ಲ. ಇದು ಕಾನೂನಿನ ಪ್ರಶ್ನೆಗಿಂತ ಮೊದಲು ಕೈ ಉಳಿಯುವ ಪ್ರಶ್ನೆ.

ರೈಫಲ್ ತೋಟಾದಲ್ಲಿ ಕಾಣುವ ಚಿಹ್ನೆಗಳು

ಕಾರ್ಖಾನೆಯಲ್ಲಿ ತಯಾರಾದ ತೋಟಾ ಬಳಸುವವರೂ ಖಾಲಿ ತೋಟಾವನ್ನು ಎಸೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ನಮ್ಮಲ್ಲಿ ನಾಗರಿಕರಲ್ಲಿ ಬಳಕೆಯಲ್ಲಿರುವ ಪಾಯಿಂಟ್ 315 ರೈಫಲ್ ಇಶಾಪುರದ ರೈಫಲ್ ಕಾರ್ಖಾನೆಯದು; 2021ರಿಂದ ಈ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ. ಅದರ ಬೋಲ್ಟ್ ಲೀ-ಎನ್‌ಫೀಲ್ಡ್ ಮಾದರಿಯದು. ಈ ಮಾದರಿಯಲ್ಲಿ ಬೋಲ್ಟ್ ಹಿಂಭಾಗದಲ್ಲಿ ಬಿಗಿಯುತ್ತದೆಯಾದ್ದರಿಂದ ಹೊಡೆದಾಗ ತುಸು ಹಿಗ್ಗುವ ಗುಣವಿದೆ ಎಂಬುದನ್ನು ಮುಂದಿನ ವಿವರಣೆಯಲ್ಲಿ ಗಮನದಲ್ಲಿಡತಕ್ಕದ್ದು.

ತೋಟಾದ ಬುಡದ ಮಧ್ಯದಲ್ಲಿರುವ ಕೇಪಿನ ಅಂಚು ಸಾಮಾನ್ಯವಾಗಿ ದುಂಡಗಿರುತ್ತದೆ. ಅದು ಪೂರ್ತಿ ಚಪ್ಪಟೆಯಾಗಿ, ಸುತ್ತಲಿನ ಹಿತ್ತಾಳೆಯೊಡನೆ ಒಂದಾದಂತೆ ಕಂಡರೆ ಒತ್ತಡ ಹೆಚ್ಚಿರಬಹುದು. ಆದರೆ ಇದೊಂದನ್ನೇ ನಂಬುವಂತಿಲ್ಲ. ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವೆ ಸಡಿಲವಿದ್ದಲ್ಲಿ ಕೇಪು ಮೊದಲು ಹಿಂದಕ್ಕೆ ಜಾರಿ ಅನಂತರ ಬುಡವು ಬಂದು ಅದನ್ನು ಒತ್ತುವುದರಿಂದ ಸಾಧಾರಣ ಒತ್ತಡದಲ್ಲಿಯೂ ಚಪ್ಪಟೆಯಾಗುತ್ತದೆ. ಸೂಜಿ ಹೊಡೆದ ಗುಳಿಯ ಸುತ್ತ ದಿಬ್ಬದಂತೆ ಲೋಹ ಎದ್ದಿದ್ದರೆ ಅತಿ ಒತ್ತಡ ಕಾರಣವಿರಬಹುದು, ಅಥವಾ ಸೂಜಿಯ ತೂತು ಸವೆದು ಅಗಲವಾಗಿರಬಹುದು. ಕೇಪಿನಲ್ಲಿ ತೂತು ಬಿದ್ದು ಅದರ ಸುತ್ತ ಕಪ್ಪು ಮಸಿ ಹರಡಿದ್ದರೆ ಮಾತ್ರ ಕಾರಣ ಹುಡುಕುತ್ತ ಕೂರುವಂತಿಲ್ಲ. ಬಿಸಿ ಅನಿಲ ಹಿಂದಕ್ಕೆ, ಕಣ್ಣಿನ ಕಡೆಗೆ ಬಂದಿದೆ ಎಂದೇ ಅರ್ಥ. ಆ ರೈಫಲಿನಿಂದ ಮತ್ತೊಂದು ಗುಂಡು ಹಾರಿಸಬಾರದು.

ಹೊಡೆದ ನಂತರ ಬೋಲ್ಟಿನ ಹಿಡಿ ಎತ್ತಲು ಬಲ ಹಾಕಬೇಕಾದರೆ ತೋಟಾದ ಹಿತ್ತಾಳೆ ಮಿತಿಮೀರಿ ಹಿಗ್ಗಿ ಕೋಣೆಗೆ ಕಚ್ಚಿಕೊಂಡಿದೆ ಎಂದು ತಿಳಿಯಬೇಕು. ಅತಿ ಒತ್ತಡದ ಚಿಹ್ನೆಗಳ ಪೈಕಿ ಹೆಚ್ಚು ನಂಬಿಕೆಗೆ ಅರ್ಹವಾದುದು ಇದೇ. ಕೋಣೆಯಲ್ಲಿ ತುಕ್ಕು ಅಥವಾ ಕೊಳೆ ಇದ್ದಾಗಲೂ ಹಿಡಿ ಬಿಗಿಯಾಗುವುದುಂಟು; ಆದ್ದರಿಂದ ಶುಚಿಗೊಳಿಸಿ ನೋಡಬಹುದು. ಆದರೆ ಕೋಣೆಗೆ ಎಣ್ಣೆ ಸವರಿ ಸಲೀಸು ಮಾಡಿಕೊಳ್ಳುವ ಅಭ್ಯಾಸ ತಪ್ಪು. ಒಣಗಿದ ಕೋಣೆಯಲ್ಲಿ ಹಿತ್ತಾಳೆ ಗೋಡೆಗೆ ಅಂಟಿ ಒತ್ತಡದ ಒಂದಂಶವನ್ನು ತಾನೇ ಹೊರುತ್ತದೆ. ಎಣ್ಣೆ ಇದ್ದಲ್ಲಿ ಆ ಭಾರವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ.

ತೋಟಾದ ಬುಡದಲ್ಲಿ ಹೊಳೆಯುವ ದುಂಡು ಗುರುತು ಮೂಡುವುದು ಬೋಲ್ಟಿನ ಮುಖದಲ್ಲಿ ಸ್ಪ್ರಿಂಗ್ ಎಜೆಕ್ಟರ್ ಇರುವ ರೈಫಲ್‌ಗಳಲ್ಲಿ. ಪಾಯಿಂಟ್ 315ರಲ್ಲಿ ಎಜೆಕ್ಟರ್ ಅಲ್ಲಿ ಇಲ್ಲದಿರುವುದರಿಂದ ಈ ಗುರುತು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಕೇಪು ತನ್ನ ಗುಳಿಯಲ್ಲಿ ಸಡಿಲವಾಗಿ ಅಲುಗಾಡುತ್ತಿದ್ದರೆ ಅಥವಾ ಉದುರಿ ಹೋಗಿದ್ದರೆ ಬುಡದ ಗಟ್ಟಿ ಹಿತ್ತಾಳೆಯೇ ಹಿಗ್ಗಿದೆ ಎಂದರ್ಥ, ಇದು ಗಂಭೀರ.

ಇದಕ್ಕೆ ಭಿನ್ನವಾದ ಇನ್ನೊಂದು ಚಿಹ್ನೆಯನ್ನು ಜನರು ಅತಿ ಒತ್ತಡವೆಂದೇ ತಪ್ಪಾಗಿ ತಿಳಿಯುತ್ತಾರೆ. ಬುಡದಿಂದ ತುಸು ಮೇಲೆ ತೋಟಾದ ಸುತ್ತ ಬಳೆಯಂತೆ ಹೊಳೆಯುವ ಗೆರೆ ಅಥವಾ ಬಿರುಕು ಕಂಡರೆ ಕಾರಣ ಬಹುತೇಕ ಮದ್ದಲ್ಲ, ಬೋಲ್ಟಿನ ಸಡಿಲ. ಲೀ-ಎನ್‌ಫೀಲ್ಡ್ ಮಾದರಿಯ ಹಳೆಯ ರೈಫಲ್‌ಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ತೋಟಾ ಬದಲಿಸಿದರೆ ಇದು ಸರಿಹೋಗದು. ಪರವಾನಗಿ ಪಡೆದ ದುರಸ್ತಿಗಾರನು ಗೇಜಿನಿಂದ ಅಳೆದು ನೋಡಬೇಕಾಗುತ್ತದೆ.

ಪ್ರಯೋಗಾಲಯದಲ್ಲಿ ಒತ್ತಡವನ್ನು ಅಳೆಯಲು ನಳಿಗೆಗೆ ಅಳವಡಿಸಿದ ವಿದ್ಯುತ್ ಉಪಕರಣಗಳಿವೆ. ಖಾಲಿ ತೋಟಾ ಅಂತಹ ಅಳತೆಗೋಲಲ್ಲ. ಚಿಹ್ನೆಯೊಂದು ಕಣ್ಣಿಗೆ ಕಾಣುವ ಹೊತ್ತಿಗೆ ಒತ್ತಡ ಮಿತಿಯನ್ನು ಸಾಕಷ್ಟು ದಾಟಿರುವ ಸಾಧ್ಯತೆಯುಂಟು. ಚಿಹ್ನೆ ಇದ್ದಲ್ಲಿ ಅಪಾಯವಿದೆ ಎನ್ನಬಹುದೇ ಹೊರತು ಚಿಹ್ನೆ ಇಲ್ಲದಿದ್ದಲ್ಲಿ ಅಪಾಯವಿಲ್ಲ ಎನ್ನಲಾಗದು.

ಮೆಲು ಶಬ್ದ

ಹೆಚ್ಚಿನ ಒತ್ತಡಕ್ಕಿಂತ ಕಡಿಮೆ ಒತ್ತಡವೇ ಕೆಲವೊಮ್ಮೆ ಬಂದೂಕನ್ನು ಸಿಡಿಸುತ್ತದೆ. ಎಂದಿನ ಢಂ ಎಂಬ ಶಬ್ದದ ಬದಲು ಟುಸ್ ಎಂದು ಮೆಲ್ಲಗೆ ಕೇಳಿಸಿ, ಹೆಗಲಿಗೆ ಒದೆತ ಬೀಳದಿದ್ದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಹಂದಿ ಎದುರಿಗಿದೆ ಎಂಬ ಆತುರದಲ್ಲಿ ಮುಂದಿನ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ತೋಟಾ ಹಾರದೇ ಉಳಿದಾಗಲೂ, ಮೆಲು ಶಬ್ದ ಬಂದಾಗಲೂ, ಬಂದೂಕಿನ ಬಾಯಿಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಅನಂತರ ತೋಟಾ ಹೊರತೆಗೆದು, ನಳಿಗೆಯ ಇನ್ನೊಂದು ತುದಿಯಿಂದ ಬೆಳಕು ಕಾಣುತ್ತದೆಯೇ ಎಂದು ಹಿಂಬದಿಯಿಂದ ಮಾತ್ರ ನೋಡತಕ್ಕದ್ದು. ಬಾಯಿಯ ಕಡೆಯಿಂದ ಇಣುಕಬಾರದು.

12 ಬೋರ್ ಬಂದೂಕು

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಉದ್ದದ್ದು. ಹಳೆಯ ಬಂದೂಕುಗಳ ಕೋಣೆ 65 ಮಿಲಿಮೀಟರಿನದಾಗಿರುತ್ತದೆ. 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ತೋಟಾದ ಮೇಲೆ ಬರೆದ ಉದ್ದ ಅದರ ಬಾಯಿ ಬಿಚ್ಚಿಕೊಂಡ ನಂತರದ್ದು. ಹೊಡೆದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ತೋಟಾದ ಬಾಯಿ ನಳಿಗೆಯ ಕಿರಿದಾಗುವ ಭಾಗಕ್ಕೆ ಚಾಚಿ, ಚರೆಗೆ ದಾರಿ ಬಿಗಿಯಾಗಿ ಒತ್ತಡ ಏರುತ್ತದೆ. ಖಾಲಿ ತೋಟಾದ ತುದಿ ಹರಿದು ಎಳೆ ಎಳೆಯಾಗಿ ಹೊರಬಂದರೆ ಇದನ್ನು ಶಂಕಿಸಬೇಕು. ಕೋಣೆಯ ಉದ್ದವನ್ನು ನಳಿಗೆಯ ಬುಡದಲ್ಲಿ ಮುದ್ರಿಸಿರುವುದುಂಟು. ಅಳಿಸಿ ಹೋಗಿದ್ದರೆ ವ್ಯಾಪಾರಿಯಿಂದ ಅಳತೆ ಮಾಡಿಸಿಯೇ ತೋಟಾ ಕೊಳ್ಳತಕ್ಕದ್ದು. ಹಸಿರು ಕಿಲುಬು ಹಿಡಿದ ತೋಟಾಗಳನ್ನು ಒರೆಸಿ ಬಳಸುವುದು ಸಲ್ಲದು.

ಕೇಪಿನ ಬಂದೂಕು

ಬಾಯಿಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಪರವಾನಗಿದಾರನೇ ಪ್ರತಿ ಈಡನ್ನೂ ತುಂಬುವುದರಿಂದ ಪೂರ್ತಿ ಜವಾಬ್ದಾರಿ ಅವನ ಕೈಯಲ್ಲಿದೆ. ನೋಡಿ ತಿಳಿಯಲು ಖಾಲಿ ತೋಟಾ ಕೂಡ ಇರುವುದಿಲ್ಲ. ಹೊಡೆದಾಗ ಕೇಪಿನ ಮೇಲೆ ಬೀಳುವ ಕುದುರೆಯು ತಾನಾಗಿಯೇ ಹಿಂದಕ್ಕೆ ಸಿಡಿದರೆ, ಕೇಪು ಚೂರಾಗಿ ಮುಖಕ್ಕೆ ಹಾರಿದರೆ, ಒಂದೋ ಈಡು ಹೆಚ್ಚಾಗಿದೆ, ಇಲ್ಲವೇ ಕೇಪು ಕೂರುವ ನಿಪ್ಪಲ್‌ನ ತೂತು ಸವೆದು ಹಿಗ್ಗಿದೆ. ಎರಡೂ ಅಪಾಯ. ಬುಡದ ತಿರುಪಿನ ಸಂದಿನಲ್ಲಿ ಮಸಿ ಕಂಡರೆ ಅನಿಲ ಅಲ್ಲಿಂದ ಸೋರುತ್ತಿದೆ ಎಂದು ತಿಳಿಯಬೇಕು. ಖಾಲಿ ನಳಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೇಲ್ಮೈಯಲ್ಲಿ ಬೆರಳಾಡಿಸಿದರೆ ಉಂಗುರದಂತಹ ಉಬ್ಬು ತಿಳಿಯುತ್ತದೆ. ಉಬ್ಬಿದ ನಳಿಗೆಯನ್ನು ಬಡಿದು ಸರಿಪಡಿಸಲಾಗದು.

ಇದಕ್ಕೆ ಕರಿ ಮದ್ದು ಮಾತ್ರ ಬಳಸಬೇಕು. ಕಾರ್ಖಾನೆಯ ತೋಟಾ ಕತ್ತರಿಸಿ ಅದರೊಳಗಿನ ಹೊಗೆರಹಿತ ಮದ್ದನ್ನು ಕೇಪಿನ ಬಂದೂಕಿಗೆ ಹಾಕಿದರೆ, ಅಳತೆ ಅಷ್ಟೇ ಇದ್ದರೂ ನಳಿಗೆ ತಡೆಯಲಾರದು. ಮದ್ದನ್ನು ನಿಗದಿತ ಅಳತೆಯ ಪಾತ್ರೆಯಲ್ಲಿ ಅಳೆಯಬೇಕು, ಅಂಗೈಯಲ್ಲಿ ಅಲ್ಲ. ಗಜದ ಮೇಲೆ ಎರಡು ಗುರುತು ಮಾಡಿಟ್ಟುಕೊಳ್ಳುವುದು ಸುಲಭ ಮತ್ತು ಖರ್ಚಿಲ್ಲದ ಉಪಾಯ: ನಳಿಗೆ ಖಾಲಿ ಇದ್ದಾಗ ಗಜ ಎಷ್ಟು ಆಳಕ್ಕೆ ಹೋಗುತ್ತದೆ, ಸರಿಯಾದ ಈಡು ಇದ್ದಾಗ ಎಷ್ಟು ಆಳಕ್ಕೆ ಹೋಗುತ್ತದೆ ಎಂದು. ನಿನ್ನೆ ತುಂಬಿಟ್ಟ ಈಡಿನ ಮೇಲೆ ಮರೆತು ಇನ್ನೊಂದು ಈಡು ತುಂಬುವುದನ್ನೂ, ಗುಂಡು ಮದ್ದಿನವರೆಗೆ ಇಳಿಯದೆ ನಡುವೆ ನಿಲ್ಲುವುದನ್ನೂ ಈ ಗುರುತುಗಳೇ ತೋರಿಸಿಕೊಡುತ್ತವೆ. ಗುಂಡು ಮತ್ತು ಮದ್ದಿನ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲಿಯೇ ಉಬ್ಬುತ್ತದೆ.

ಗದ್ದೆಯ ಬದುವಿನ ಮೇಲೆ ನಡೆಯುವಾಗ ಬಾಯಿಗೆ ಕೆಸರು ಹೊಕ್ಕಿದ್ದರೂ, ಸೂರಿನಡಿ ಇಟ್ಟ ಬಂದೂಕಿನ ನಳಿಗೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದ್ದರೂ ಪರಿಣಾಮ ಒಂದೇ. ಬಹಳ ದಿನ ಬಳಸದ ಬಂದೂಕನ್ನು ಹೊರತೆಗೆದಾಗ ಮೊದಲು ನಳಿಗೆಯ ದಾರಿ ತೆರವಿದೆಯೇ ಎಂದು ನೋಡುವುದು ಈ ಭಾಗದ ಮಟ್ಟಿಗೆ ಅತಿ ಮುಖ್ಯ.

ಚಿಹ್ನೆ ಕಂಡ ನಂತರದ ಕ್ರಮ

ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ಖಾಲಿ ತೋಟಾವನ್ನೂ ಅದೇ ಪೆಟ್ಟಿಗೆಯ ಉಳಿದ ತೋಟಾಗಳನ್ನೂ ಪೆಟ್ಟಿಗೆಯ ಮೇಲಿನ ಮುದ್ರಿತ ವಿವರ ಸಹಿತ ಬೇರೆಯಾಗಿ ತೆಗೆದಿಟ್ಟು, ಮೂಲ ಪರವಾನಗಿಯೊಂದಿಗೆ ಅಧಿಕೃತ ವ್ಯಾಪಾರಿ ಅಥವಾ ದುರಸ್ತಿಗಾರನ ಬಳಿ ಒಯ್ಯತಕ್ಕದ್ದು. ಬಂದೂಕನ್ನು ಅಲ್ಲಿ ಬಿಟ್ಟುಬರುವುದಾದರೆ ಬಂದೂಕಿನ ಸಂಖ್ಯೆ ನಮೂದಿಸಿದ ರಸೀದಿ ಪಡೆಯಬೇಕು. ಊರಿನ ಕಮ್ಮಾರನಿಂದ ಬೆಸುಗೆ ಹಾಕಿಸುವುದು ಪರವಾನಗಿಯಿಲ್ಲದ ದುರಸ್ತಿಯಾಗುತ್ತದೆ. ಬೆಸುಗೆಯ ಬಿಸಿಗೆ ನಳಿಗೆಯ ಉಕ್ಕಿನ ಗಟ್ಟಿತನವೂ ಕೆಡುತ್ತದೆ.

ದುರಸ್ತಿಗೆ ಯೋಗ್ಯವಲ್ಲದ ಕೇಪಿನ ಬಂದೂಕಿನ ಬದಲು ಬೇರೆ ಬಂದೂಕು ಪಡೆಯಲಿಚ್ಛಿಸುವ ರೈತರು ಜಿಲ್ಲಾ ದಂಡಾಧಿಕಾರಿಗಳೂ ಆದ ತುಮಕೂರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅಧಿನಿಯಮದ 13ನೇ ಪ್ರಕರಣವು ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಬಂದೂಕನ್ನೇ ಮೊದಲು ಹೇಳಿದ್ದರೂ, ಅದು ಸಾಲದು ಎಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಬೇರೆ ನಯ ನಳಿಗೆಯ ಬಂದೂಕಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸಿದೆ. ಅರ್ಜಿಯ ಮೇಲೆ ಸಮೀಪದ ಪೊಲೀಸ್ ಠಾಣೆಯ ವರದಿ ಪಡೆಯಲಾಗುತ್ತದೆ. ಹಳೆಯ ಬಂದೂಕಿನ ದೋಷದ ಬಗ್ಗೆ ದುರಸ್ತಿಗಾರನ ಲಿಖಿತ ಅಭಿಪ್ರಾಯವನ್ನು ಲಗತ್ತಿಸಿದರೆ ಮನವರಿಕೆ ಮಾಡಿಕೊಡುವುದು ಸುಲಭ. ಕೊಡಗಿನ ಜಮ್ಮಾ ಹಿಡುವಳಿದಾರರಿಗಿರುವ ವಿನಾಯಿತಿ ತುಮಕೂರು ಜಿಲ್ಲೆಗೆ ಅನ್ವಯಿಸುವುದಿಲ್ಲ.

ಬಂದೂಕು ಪರವಾನಗಿಯು ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲವೆಂಬುದನ್ನೂ ಗಮನಿಸತಕ್ಕದ್ದು. ಬೆಳೆಗೆ ನುಗ್ಗುವ ಕಾಡುಹಂದಿಯ ವಿಷಯದಲ್ಲಿಯೂ 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ 11ನೇ ಪ್ರಕರಣದಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಇನ್ನು ಮುಂದೆ ಬಂದೂಕು ಬೇಡವೆನ್ನುವವರು ಅದನ್ನು ಅಟ್ಟದ ಮೇಲೆ ಇಡದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಮಾಡಿ ರಸೀದಿ ಪಡೆಯಬಹುದು. ಪರವಾನಗಿದಾರರು ಮೃತರಾದಲ್ಲಿ ವಾರಸುದಾರರೂ ಹೀಗೆಯೇ ಠೇವಣಿ ಮಾಡತಕ್ಕದ್ದು. ಕೇಪಿನ ಬಂದೂಕಿನಲ್ಲಿ ಹಳೆಯ ಈಡು ಉಳಿದಿರುವ ಶಂಕೆಯಿದ್ದಲ್ಲಿ ಅದನ್ನು ಕೆದಕಲು ಹೋಗದೆ, ನಿಪ್ಪಲ್ ಮೇಲೆ ಕೇಪು ಇದ್ದರೆ ಅದನ್ನೂ ಮುಟ್ಟದೆ, ಠಾಣೆಗೆ ಮೊದಲೇ ತಿಳಿಸುವುದು.